ರಾಹುಕಾಲ ಮುಗಿದ ಮೇಲೆ ಬದಲಿಸಿದ ಫೈಲು

ಕರೆಂಟು ಹೋಗಬಹುದಿತ್ತು. ಯುಪಿಎಸ್ ಎಂಬ ಪೆಟ್ಟಿಗೆ ಇತ್ತು ನಿಜ, ಆದರೆ ಅದು ಕೂಗುವುದಕ್ಕಷ್ಟೇ ಇತ್ತು. ಫ್ಲಾಪಿಯೊಳಗೆ ಅದಿರಿನ ಕೆಂಪು ಧೂಳು ಹೊಕ್ಕಿರಬಹುದಿತ್ತು. ಆ ವರ್ಷಗಳಲ್ಲಿ ನಮ್ಮ ಮನೆಯ ಮೊಸರಿನೊಳಗೂ ಹೊಕ್ಕಿತ್ತು. ಪರದೆ ಕಪ್ಪಾಗಿ ಮತ್ತೆ ಬೆಳಗದೇ ಇರಬಹುದಿತ್ತು. ಸಂಡೂರು ಗುಡ್ಡದ ಗಣಿಗಳಿಂದ ಬರುವ ಲಾರಿಗಳ ಸಾಲು ಊರು ದಾಟಿ ಮರಿಯಮ್ಮನಹಳ್ಳಿ ಮುಟ್ಟಬಹುದಿತ್ತು. ಮಾಲೀಕರು ನನ್ನನ್ನು ಕರೆಸಿ, ಕೂರಲು ಹೇಳದೆ ಮಾತಾಡಬಹುದಿತ್ತು. ನಾನು ಊಟಕ್ಕೆ ಕೂತರೆ ಮೊದಲು ಬಿಕ್ಕಳಿಕೆಗೆಂದು ನೀರು ಇಟ್ಟುಕೊಳ್ಳುವವನು ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ.

ಆಗ ನಾನು ಹೊಸಪೇಟೆಯ ಅಂಚಿನ ಒಂದು ಲಾರಿ ತೂಕದ ಕಾಟಾದಲ್ಲಿ ಗುಮಾಸ್ತ. ಇಂಗ್ಲಿಷ್ ಸೂಚನೆಗಳನ್ನು ಕೊನೆತನಕ ಓದುವವನು ನಾನೊಬ್ಬನೇ ಆದ್ದರಿಂದ ಕಂಪ್ಯೂಟರಿನ ವೈದ್ಯನೂ ನಾನೇ. ಹಿಂದಿನ ಸಂಜೆ ಹಾಕಿದ ಹೊಸ ತೂಕದ ಪ್ರೋಗ್ರಾಮು, ಸಿಸ್ಟಮ್ಮಿನ ಒಂದು ಫೈಲು ಹಳೆಯದಾಯಿತು, ಹೊಸದು ಕೊಟ್ಟರಷ್ಟೇ ಏಳುತ್ತೇನೆ ಎಂದು ಹಟ ಹಿಡಿದಿತ್ತು. ಚಿತ್ತವಾಡ್ಗಿಯ ಟೈಪಿಂಗ್ ಅಂಗಡಿಯಿಂದ ಆ ಫೈಲನ್ನು ಫ್ಲಾಪಿಗೆ ಹಾಕಿಸಿಕೊಂಡು, ನಿದ್ದೆ ಬಾರದೆ, ಬೆಳಕು ಹರಿಯುವಷ್ಟರಲ್ಲಿ ಬಂದು ಕೂತಿದ್ದೆ.

ಅಂದು ಸೋಮವಾರ. ಕಾಟಾ ಮೇಲೆ ನಿಂತ ಮೊದಲ ಲಾರಿಯ ಡ್ರೈವರ್ ಕಂಪ್ಲಿಯವನು. ಊರಲ್ಲಿ ಅವನ ತಂಗಿಯ ಕೂಸಿಗೆ ಜಾವಳ. ಮೊದಲ ಕೂದಲನ್ನು ಸೋದರಮಾವನೇ ಕತ್ತರಿಸಬೇಕು, ಮಿಕ್ಕಿದ್ದು ಕ್ಷೌರಿಕನ ಪಾಲು. ತೂಕದ ಚೀಟಿ ಸಿಕ್ಕರೆ ಲಾರಿಯನ್ನು ಜೊತೆಗಾರನಿಗೆ ಒಪ್ಪಿಸಿ ಬಸ್ಸು ಹತ್ತುವವನಿದ್ದ.

"ಜಲ್ದಿ ಮಾಡ್ರಿ ಸಾರ್. ನಾ ಹೋಗೋತನಕ ಕೂಸಿನ ತಲಿ ಯಾರೂ ಮುಟ್ಟಂಗಿಲ್ಲ."

ನಾನು ಪರದೆಯ ಮೂಲೆಯ ಗಡಿಯಾರ ತೋರಿಸಿದೆ. ಎಂಟೂಕಾಲು. ಸೋಮವಾರ ಒಂಬತ್ತರ ತನಕ ರಾಹುಕಾಲ. ಇದು ಸಿಸ್ಟಮ್ಮಿನ ಹೊಟ್ಟೆಗೆ ಕೈ ಹಾಕುವ ಹೊತ್ತಲ್ಲ ಅಂದೆ. ನನ್ನ ಕೈಗಡಿಯಾರ ಒಂದೆರಡು ನಿಮಿಷ ಮುಂದೆ ಓಡುತ್ತದೆಂದು ಅದನ್ನು ಕಟ್ಟುವುದನ್ನೇ ಬಿಟ್ಟಿದ್ದೆ. ಅವನು ತನ್ನ ವಾಚು ನೋಡಿಕೊಂಡ, ಪರದೆ ನೋಡಿದ, ಚಹಾ ಕುಡಿಯಲು ಹೋದ.

ಪರದೆ ಒಂಬತ್ತು ತೋರಿಸಿದ ಮೇಲೆ ಊದಿನಕಡ್ಡಿ ಹಚ್ಚಿ ಶುರು ಮಾಡಿದೆ. ಹೊಸ ಫೈಲು ಹಾಕಿದೆ. ಪ್ರೋಗ್ರಾಮು ಏಳಲಿಲ್ಲ. ನೋಡಿದರೆ ಹಳೆಯದೇ ಅಲ್ಲಿ ಕೂತಿದೆ. ಮತ್ತೆ ಹಾಕಿದೆ, ಮತ್ತೆ ಹಳೆಯದು. ಆ ಸಿಸ್ಟಮ್ ಕೆಲವು ಫೈಲುಗಳನ್ನು ಕಾವಲು ಕಾಯುತ್ತಿತ್ತು: ಒಂದೊಂದರ ನಕಲನ್ನು ಒಳಗೆಲ್ಲೋ ಬಚ್ಚಿಟ್ಟು, ನಾವು ಬದಲಿಸಿದ ಕೂಡಲೇ ಸದ್ದಿಲ್ಲದೆ ಹಳೆಯದನ್ನು ತಂದು ಕೂರಿಸುತ್ತಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಗೌರವ ಬಂತು. ಒಂದೇ ಬೀಗದ ಕೈಗೆ ಮೂರು ನಕಲು ಮಾಡಿಸಿಟ್ಟ ನನ್ನಂಥವನೇ ಇನ್ನೊಬ್ಬ. ಅಂಥವನು ಹೆದರುವುದು ಹೇಗೆಂದು ನನಗೆ ತಿಳಿಯದೇ? ಮೊದಲು ಬಚ್ಚಿಟ್ಟ ನಕಲನ್ನು ಬದಲಿಸಿದೆ, ಆಮೇಲೆ ಅಸಲಿಯನ್ನು. ಸಿಸ್ಟಮ್ ಗಾಬರಿಬಿದ್ದು ಮೂಲ ಸಿ.ಡಿ. ಕೇಳಿತು, ಬೇಡ ಅಂದೆ. ಈ ಗುರುತಿಲ್ಲದ ಫೈಲನ್ನೇ ಇಟ್ಟುಕೊಳ್ಳುವುದು ಖಚಿತವೇ ಎಂದು ಕೇಳಿತು. ಖಚಿತವೇ ಎಂದು ನನ್ನ ಮದುವೆಯಲ್ಲೂ ಯಾರೂ ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೌದು ಒತ್ತಿದೆ.

ಕರೆಂಟು ಹೋಗಲಿಲ್ಲ. ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಪ್ರೋಗ್ರಾಮು ಎದ್ದಿತು, ಲಾರಿ ತೂಗಿತು, ಚೀಟಿ ಬಂತು. ಇಷ್ಟೆಲ್ಲ ಸರಿಯಾದದ್ದಕ್ಕೇ ನನಗೆ ಅನುಮಾನ.

ಚೀಟಿಯ ಮೇಲೆ ಹೊತ್ತು ಒಂಬತ್ತೂವರೆ ಎಂದಿತ್ತು. ಡ್ರೈವರ್ ಅದನ್ನು ಓದಿ, "ನನ್ನ ವಾಚಿನ್ಯಾಗ ಹತ್ತೂಕಾಲು ಆಗೈತ್ರಿ" ಅಂದ.

ಆಗಲೇ ಯಾಕೆ ಹೇಳಲಿಲ್ಲ ಎಂದೆ.

"ನಿಮ್ದು ಕಂಪ್ಯೂಟರ್ ಅಲ್ಲೇನ್ರಿ. ನಂದಾ ತಪ್ಪಿರಬೇಕು ಅಂತ ಸುಮ್ನಾದೆ."

ಕಂಪ್ಯೂಟರಿನ ಒಳಗಿನ ಬ್ಯಾಟರಿ ಸೋತು ಗಡಿಯಾರ ಮುಕ್ಕಾಲು ಗಂಟೆ ಹಿಂದೆ ಬಿದ್ದಿತ್ತು. ರಾಹುಕಾಲ ಮುಗಿದ ಗಳಿಗೆಯಲ್ಲೇ ಅವನನ್ನು ಕಾಯಲು ಕೂರಿಸಿದ್ದೆ. ಅವನು ಬಸ್ಸಿಗೆ ಓಡಿದ.

ಮರುದಿನ ಅವನೇ ಜಾವಳದ ಬುಂದಿ ಉಂಡೆ ತಂದುಕೊಟ್ಟ. ಮನೆಮಂದಿ ಅವನಿಗಾಗಿ ಕಾದಿದ್ದರಂತೆ. ಇನ್ನೊಂದು ಮನೆಗೆ ಮಾತು ಕೊಟ್ಟಿದ್ದ ಕ್ಷೌರಿಕ ಮಾತ್ರ ಕಾಯದೆ ಹೋಗಿದ್ದನಂತೆ. ಮೊದಲ ಕೂದಲು ಕತ್ತರಿಸಿದ ಸೋದರಮಾವನೇ, ಮನೆಯ ಕತ್ತರಿಯಲ್ಲಿ, ಮಿಕ್ಕ ತಲೆಯನ್ನೂ ಮುಗಿಸಬೇಕಾಯಿತು. ಕ್ಷೌರ ಹೇಗೆ ಬಂತು ಎಂದು ಹೆದರುತ್ತಲೇ ಕೇಳಿದೆ.

"ತಂಗಿ ನೋಡಿ ಅಂದ್ಲು," ಅಂದ, "ಸಂಡೂರು ಗುಡ್ಡ ಅಗದಂಗ ಅಗದಿಯಲ್ಲೋ ಅಣ್ಣಾ, ಮೆಟ್ಲು ಮೆಟ್ಲು."