ಕಲ್ಲಯ್ಯ ದೋಣಿ ಹತ್ತಿದ್ದು

ಟಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಲ್ಲಯ್ಯನ ಅಂಗಡಿ ಇತ್ತು. ಬೋರ್ಡಿನ ಮೇಲೆ ‘ಎಂಜಿನ್ ಡಾಕ್ಟರ್’ ಎಂದು ಬರೆಸಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ನಂಜನಗೂಡಿನ ಸಾಬರೊಬ್ಬರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು. ಕೆಲಸದ ಜೊತೆಗೆ ತಾನೇ ಕಂಡುಕೊಂಡ ಸಿದ್ಧಾಂತವೂ ಒಂದಿತ್ತು. ರಿಪೇರಿಯಾದ ಎಂಜಿನ್ ಓಡಿದರೆ ಅದು ಕಲ್ಲಯ್ಯನ ಕೈಗುಣ. ಓಡದಿದ್ದರೆ ಮೊದಲು ಸೀಮೆಎಣ್ಣೆಯ ತಪ್ಪು, ಆಮೇಲೆ ಗಿರಾಕಿಯ ತಪ್ಪು, ಇಬ್ಬರೂ ಒಪ್ಪದಿದ್ದರೆ ನಂಜುಂಡೇಶ್ವರನ ತಪ್ಪು. ದೇವರು ಜಗಳಕ್ಕೆ ಬರುವುದಿಲ್ಲವಾದ್ದರಿಂದ ಹೆಚ್ಚಿನ ಕೇಸುಗಳು ಅಲ್ಲಿಗೇ ಮುಗಿಯುತ್ತಿದ್ದವು.

ಹೆಮ್ಮಿಗೆಯ ಜವರಮ್ಮನ ಕೇಸು ಮಾತ್ರ ಹಾಗೆ ಮುಗಿಯಲಿಲ್ಲ.

ಜವರಮ್ಮ ಗಂಡ ತೀರಿಕೊಂಡ ಮೇಲೆ ಕಾವೇರಿಯ ಕಡವಿನಲ್ಲಿ ತಾನೇ ದೋಣಿ ನಡೆಸುತ್ತಿದ್ದಳು. ಹೊಲಕ್ಕೆ ನೀರೆತ್ತುವ ಹಳೆಯ ಎಂಜಿನ್ನೊಂದನ್ನು ದೋಣಿಗೆ ಕೂರಿಸಿಕೊಂಡಿದ್ದಳು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದು. ತೊಂಬತ್ತೇಳರ ಮಳೆಗಾಲದಲ್ಲಿ ಅದು ನಡುಹೊಳೆಯಲ್ಲಿ ನಿಲ್ಲತೊಡಗಿತು. ಜನ ದೂರು ಕೊಟ್ಟರು. ದಸರಾ ಕಳೆದ ಮೇಲೆ ಒಂದು ಸೋಮವಾರ ಪಂಚಾಯ್ತಿಯವರೇ ಬಂದು ಕೂರುತ್ತಾರೆ, ಪೂರಾ ಲೋಡಿನಲ್ಲಿ ಹೋಗಿ ನಿಲ್ಲದೆ ಬರಬೇಕು, ಇಲ್ಲದಿದ್ದರೆ ಕಡವು ಆಚೆ ದಡದ ದೋಣಿಯವನಾದ ಮಲ್ಲಯ್ಯನಿಗೆ ಎಂದು ತೀರ್ಮಾನವಾಯಿತು. ಜವರಮ್ಮನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ದಸರಾ ಮುಗಿದದ್ದೇ ಎಂಜಿನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಕಲ್ಲಯ್ಯನ ಮುಂದೆ ಇಳಿಸಿದಳು.

ಕಲ್ಲಯ್ಯ ಅದನ್ನು ಪೂರ್ತಿ ಬಿಚ್ಚಿದ. ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಕಟ್ಟಿದ. ಅಂಗಡಿಯಲ್ಲಿ ಬಿಡಿಯಾಗಿ ಓಡಿಸಿದಾಗ ಒಂದಷ್ಟು ಕೆಮ್ಮಿದರೂ ಓಡಿತು. ಹೊಸ ರಿಂಗು, ಪಳಗಬೇಕು ಎಂದ. ಭಾನುವಾರ ದೋಣಿಗೆ ಕೂರಿಸಿ ನೀರಿಗಿಳಿಸಿದಾಗ ನಿಜ ಗೊತ್ತಾಯಿತು. ಸೈಲೆನ್ಸರಿನಿಂದ ಢಂ ಎಂದು ಪಟಾಕಿ ಹೊಡೆದ ಹಾಗೆ ಸದ್ದು. ದಡದ ಕೊಕ್ಕರೆಗಳೆಲ್ಲ ಎದ್ದು ಸೋಸಲೆ ಕಡೆಗೆ ಹಾರಿದವು. ಹೊಗೆಕೊಳವೆ ಕೆಂಪಗೆ ಕಾಯಿತು. ದೋಣಿ ಮಾತ್ರ ಹುಟ್ಟು ಹಾಕಿದಷ್ಟೂ ಮುಂದೆ ಹೋಗಲಿಲ್ಲ. ಜವರಮ್ಮ ಒಬ್ಬಳೇ ಇದ್ದದ್ದಕ್ಕೇ ಹೀಗಾದರೆ ನಾಳೆಯ ಲೋಡಿಗೆ ಏನು ಗತಿ?

ಈಜು ಬಾರದ ಕಲ್ಲಯ್ಯ ದಡದಲ್ಲೇ ನಿಂತು ವೈದ್ಯ ಮಾಡಿದ.

“ಸೀಮೆಎಣ್ಣೆಗೆ ನೀರು ಬೆರೆಸವ್ರೆ ಕಣಕ್ಕ.”

ದೋಣಿಯನ್ನು ದಡಕ್ಕೆ ತಂದು ಸೀಮೆಎಣ್ಣೆ ಬದಲಿಸಿದರು. ಢಂ. ಪ್ಲಗ್ಗು ಬದಲಿಸಿದರು. ಢಂ. ಕಾರ್ಬೊರೇಟರ್ ಬಿಚ್ಚಿ ಊದಿದ, ವಾಲ್ವಿನ ಸಂದು ಅಳೆದ. ಎಲ್ಲ ಸರಿಯಾಗಿಯೇ ಇತ್ತು. ಎಂಜಿನ್ ಮಾತ್ರ ಢಂ ಎಂದಿತು.

“ನಿನ್ ದೋಣಿಗೆ ಯಾರ್ದೋ ಕಣ್ ಬಿದ್ದದೆ, ಜವರಕ್ಕ. ನಂಜುಂಡಪ್ಪಂಗೆ ಏನೋ ಹರಕೆ ಬಾಕಿ ಇಟ್ಕಂಡಿದ್ದೀಯ ನೀನು.”

“ನಾನಾ?” ಜವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ದೇವ್ರಿಗೆ ಒಂದ್ ಕಡ್ಡೀನೂ ಬಾಕಿ ಇಟ್ಟಿಲ್ಲ ಕಣಯ್ಯ. ಮೊನ್ನೆ ಆಯುಧಪೂಜೇಲಿ ಈ ಮುದಿ ಎಂಜಿನ್ಗೆ ನಾನ್ ಮಾಡಿರೊ ಅಲಂಕಾರ ನನ್ ಮದ್ವೇಲಿ ನಂಗೂ ಇರ್ನಿಲ್ಲ. ಟ್ಯಾಂಕಿಗೆ ವಿಭೂತಿ, ಮೂತಿಗೂ ಗಾಲೀಗೂ ಅರಿಸಿನ. ಆ ಗಾಲೀಗೆ ಕುಂಕುಮ ನಿಲ್ದು ಅಂತ ಸುಣ್ಣದ ಬೊಟ್ಟು ಬೇರೆ ಇಟ್ಟಿವ್ನಿ, ದುಂಡಗೆ.”

ಕಲ್ಲಯ್ಯ ಬಗ್ಗಿ ಗಾಲಿಯ ಮೇಲಿನ ಬಿಳಿ ಬೊಟ್ಟನ್ನು ದಿಟ್ಟಿಸಿದ.

ಎಂಜಿನ್ನಿನ ಭಾರದ ಗಾಲಿಯ ಅಂಚಿನಲ್ಲಿ ತಯಾರಿಸಿದವರು ಒಂದು ಗುರುತು ಕೊರೆದಿರುತ್ತಾರೆ. ಗಾಲಿ ತಿರುಗಿ ಆ ಗುರುತು ಎದುರಿನ ಮುಳ್ಳಿಗೆ ಬಂದಾಗ ಸರಿಯಾಗಿ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಕೊರೆದದ್ದು ಕಾಣಲೆಂದು ಮೆಕ್ಯಾನಿಕ್‌ಗಳು ಅದರ ಮೇಲೆ ಬಿಳಿ ಪೇಂಟು ಮುಟ್ಟಿಸುವುದುಂಟು. ಕಲ್ಲಯ್ಯನೂ ಒಂದು ಬಿಳಿ ಬೊಟ್ಟನ್ನೇ ನೋಡಿ ಕಿಡಿಯ ಹೊತ್ತು ಕೂರಿಸಿದ್ದ. ಒಳಗಿನ ಭಾಗಗಳನ್ನೆಲ್ಲ ಡೀಸೆಲ್ಲಿನಲ್ಲಿ ಅದ್ದಿ ತೊಳೆದವನು ಗಾಲಿಯನ್ನು ತೊಳೆದಿರಲಿಲ್ಲ. ಅದರ ಮೇಲೆ ಹಬ್ಬದ ಅರಿಸಿನವಿತ್ತು; ಆಯುಧಪೂಜೆಯದು ತಾನಾಗಿ ಉದುರಬೇಕೇ ಹೊರತು ಯಾರೂ ಒರೆಸಬಾರದು ಎನ್ನುವುದು ನಮ್ಮ ಕಡೆಯ ಎಲ್ಲ ಗ್ಯಾರೇಜುಗಳ ಕಟ್ಟಳೆ. ದೇವರನ್ನು ದಿನಾ ಬೈಯುವ ಕಲ್ಲಯ್ಯನೂ ಅದನ್ನು ಮೀರಿದವನಲ್ಲ.

ಅವನು ಪ್ಲಗ್ಗು ಬಿಚ್ಚಿದ. ಹತ್ತಿರದ ಗುಡಿಸಲಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಪ್ಲಗ್ಗಿನ ತೂತಿಗೆ ಇಳಿಬಿಟ್ಟು ಗಾಲಿಯನ್ನು ಮೆಲ್ಲಗೆ ತಿರುಗಿಸಿದ. ಪಿಸ್ಟನ್ ಮೇಲೇರಿದಂತೆ ಕಡ್ಡಿಯೂ ಏರಿತು, ತುದಿ ಮುಟ್ಟಿ ನಿಂತಿತು. ಕಿಡಿ ಇಷ್ಟರೊಳಗೆ ಹಾರಿರಬೇಕಿತ್ತು. ಬಿಳಿ ಬೊಟ್ಟು ನೋಡಿದರೆ ಮುಳ್ಳಿಗಿಂತ ಇನ್ನೂ ನಾಲ್ಕು ಬೆರಳು ಹಿಂದೆ ಇತ್ತು. ಪಿಸ್ಟನ್ ಇಳಿಯತೊಡಗಿದ ಮೇಲೆ ಕಿಡಿ ಹಾರುತ್ತಿತ್ತು. ಅರ್ಧ ಉರಿದ ಎಣ್ಣೆ ಕೊಳವೆಯೊಳಗೆ ಹೋಗಿ ಸಿಡಿಯುತ್ತಿತ್ತು. ಉಗುರಿನಿಂದ ಬೊಟ್ಟನ್ನು ಕೆರೆದ. ಪುಡಿಪುಡಿಯಾಗಿ ಉದುರಿತು.

“ಸುಣ್ಣ,” ಎಂದ, ಸಾವಿನ ಸುದ್ದಿ ಹೇಳುವವನಂತೆ.

“ಸುಣ್ಣ ಅಂತ ನಾನೇ ಯೋಳ್ನಲ್ಲ. ಅದ್ಕೇನೀಗ?”

ಬಟ್ಟೆಗೆ ಪೆಟ್ರೋಲ್ ಹಾಕಿ ಗಾಲಿಯ ಉಳಿದ ಅಂಚನ್ನು ಉಜ್ಜಿದಾಗ ಗ್ರೀಸಿನ ಕೆಳಗಿಂದ ಕೊರೆದ ಗೆರೆಯೊಂದು ಕಂಡಿತು. ಕಲ್ಲಯ್ಯ ಆ ಗೆರೆಗೇ ಕಿಡಿ ಕೂರಿಸಿ ಹಗ್ಗ ಎಳೆದ. ಢಂ ಇಲ್ಲ. ಟಕಟಕ ಎಂದು ಸಮವಾಗಿ ಓಡಿತು.

“ನೋಡ್ದಾ ಕೈಗುಣ?” ಎಂದ.

“ನೋಡ್ದೆ. ಬೊಟ್ಟು ಯಾವ್ದು, ಗುರುತು ಯಾವ್ದು ಅಂತ ಗೊತ್ತಾಗ್ದಿರೊ ಡಾಕ್ಟ್ರು. ನಾಳೆ ನೀನೂ ದೋಣೀಲಿ ಕೂತ್ಕಬೇಕು. ಮುಳುಗಿದ್ರೆ ಇಬ್ರೂ ಮುಳುಗಾವ.”

“ನಂಗೆ ಅಂಗಡಿ ಅದೆ ಕಣಕ್ಕ.”

“ನಂಗೆ ಇದೊಂದೇ ಇರಾದು.”

ಕಲ್ಲಯ್ಯ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಾ, ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದ.

ಸೋಮವಾರ ಪಂಚಾಯ್ತಿ ಮೆಂಬರು ಸಿದ್ದಮಲ್ಲಪ್ಪನವರು, ಅವರ ಹಿಂದೆ ಸಂತೆಗೆ ಹೊರಟ ಜನ, ಭತ್ತದ ಮೂಟೆ, ಎರಡು ಮೇಕೆ ಎಲ್ಲ ಹತ್ತಿದವು. ಕಲ್ಲಯ್ಯ ಎಂಜಿನ್ನಿನ ಪಕ್ಕ, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ನಡುಹೊಳೆಯಲ್ಲಿ ಸೆಳವು ಜೋರಾದಾಗ ದೋಣಿ ಒಮ್ಮೆ ವಾಲಿತು. ಎಂಜಿನ್ನಿನ ಸದ್ದು ದಪ್ಪಗಾಯಿತು, ಸೋಲಲಿಲ್ಲ. ಕಲ್ಲಯ್ಯನ ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು.

“ಯಾಕಮ್ಮ, ಮೆಕ್ಯಾನಿಕ್ಕಿಗೆ ಮೈ ಸರಿಯಿಲ್ವ?” ಎಂದರು ಸಿದ್ದಮಲ್ಲಪ್ಪ.

ಜವರಮ್ಮ ಚುಕ್ಕಾಣಿಯಿಂದ ಕೈ ತೆಗೆಯದೆ ಹೇಳಿದಳು: “ಎಂಜಿನ್ ಸದ್ದು ಕೇಳ್ತಾವ್ನೆ, ಸಾ. ಮಾತಾಡಿಸ್ಬ್ಯಾಡಿ.”

ಸಿದ್ದಮಲ್ಲಪ್ಪನವರು ಗೌರವದಿಂದ ದನಿ ತಗ್ಗಿಸಿದರು. ಆಚೆ ದಡ ಮುಟ್ಟಿ, ಮಲ್ಲಯ್ಯನ ಕಣ್ಣೆದುರೇ ದೋಣಿ ತಿರುಗಿಸಿಕೊಂಡು, ನಿಲ್ಲದೆ ಈಚೆಗೆ ಬಂದರು. ಕಡವು ಜವರಮ್ಮನಲ್ಲೇ ಉಳಿಯಿತು. ಹಿಂದಿರುಗಿದ ದೋಣಿಯಲ್ಲಿ ಕಲ್ಲಯ್ಯ ಇರಲಿಲ್ಲ. ಆಚೆ ದಡ ಸಿಕ್ಕ ಕೂಡಲೇ ಹಾರಿ ಇಳಿದವನು, ಬಸ್ಸು ಬದಲಿಸಿ ಬದಲಿಸಿ ಸುತ್ತು ದಾರಿಯಲ್ಲಿ ನರಸೀಪುರಕ್ಕೆ ಸಂಜೆ ಹೊತ್ತಿಗೆ ಬಂದು ಸೇರಿದ.