ಓಢಣಿ ತುರುಕಿದ ಟಯರು

ಟ್ಯೂಬ್ ಇಲ್ಲದೆ ಸೈಕಲ್ ಓಡುವುದಿಲ್ಲ ಎಂದು ವಾದಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಓಡುತ್ತದೆ. ರಟ್ಟೆ ಕಿತ್ತು ಕೈಗೆ ಬರುವ ಹಾಗೆ ಓಡುತ್ತದೆ, ಆದರೆ ಓಡುತ್ತದೆ. ನಾನು ಓಡಿಸಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕಲಕೋಟದಿಂದ ಕರಜಗಿ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮ ಊರು. ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಕಾಲೇಜಿನ ಮುಖ ಕಂಡವಳು ನಾನೇ ಮೊದಲು. ಕಾಲೇಜು ಮುಗಿಸಿ ಅಕ್ಕಲಕೋಟದಲ್ಲಿ ಹತ್ತುವ ಸಂಜೆಯ ಎಸ್.ಟಿ. ಬಸ್ಸು ಊರು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅದಕ್ಕೇ ಸೊಲ್ಲಾಪುರದಲ್ಲಿ ಗುಮಾಸ್ತನಾಗಿದ್ದ ಸೋದರಮಾವ ಒಂದು ಲೇಡೀಸ್ ಸೈಕಲ್ ಕೊಡಿಸಿದ. ಅಪ್ಪನ ಅಪ್ಪ, ನಮ್ಮ ಅಜ್ಜ, ಒಪ್ಪಿದ್ದು ಒಂದೇ ಕರಾರಿನ ಮೇಲೆ.

"ದೀಪಾ ಹಚ್ಚೂದ್ರಾಗ ಮನ್ಯಾಗಿರಬೇಕು. ಒಂದ್ ದಿನಾ ತಪ್ಪಿದ್ರೂ ಕಾಲೇಜ ಬಂದ್."

ಅಜ್ಜ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಊರಲ್ಲಿ ಯಾರೂ ಕಂಡಿರಲಿಲ್ಲ. ಆ ಮಾತಿನ ಭಯದಲ್ಲೇ ನಾನು ದಿನಾ ಪೆಡಲ್ ತುಳಿಯುತ್ತಿದ್ದೆ.

ಚಳಿಗಾಲದ ಒಂದು ದಿನ ಪ್ರಾಕ್ಟಿಕಲ್ ಮುಗಿಯುವುದು ತಡವಾಯಿತು. ಅರ್ಧ ದಾರಿಯಲ್ಲಿ ಮುಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಇಳಿದು ತಳ್ಳಿದರೆ ಹೊತ್ತಿಗೆ ಸರಿಯಾಗಿ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಗಾಳಿ ಹೋದ ಟಯರಿನ ಮೇಲೇ ಹಟ ಹಿಡಿದು ಓಡಿಸಿದೆ. ಟ್ಯೂಬಿನ ವಾಲ್ವ್ ಬುಡಸಮೇತ ಕಿತ್ತು ಬಂತು. ಇನ್ನು ಅದಕ್ಕೆ ಪ್ಯಾಚ್ ಹಾಕುವ ಮಾತೇ ಉಳಿಯಲಿಲ್ಲ.

ಅಷ್ಟರಲ್ಲಿ ನಮ್ಮೂರಿನವನೊಬ್ಬ ಲೂನಾ ಮೇಲೆ ಬಂದು ನಿಂತ.

"ಪಂಕ್ಚರ್ ಆಗ್ಯಾದೇನವಾ? ಹಿಂದ ಕೂಡು, ಮನಿ ಮುಟ್ಟಸ್ತೀನಿ."

"ಬ್ಯಾಡ್ರಿ ಕಾಕಾ. ಎಲ್ಲಾ ಸರಿ ಆಗ್ಯಾದ, ಬರ್ತೀನಿ, ನೀವು ನಡೀರಿ," ಎಂದು ಹಲ್ಲು ಕಿರಿದೆ. ಪಾಪ, ಒಳ್ಳೆಯ ಮನುಷ್ಯ. ಆದರೆ ಅವನ ಬೆನ್ನಿಗೆ ಕೂತು ಊರೊಳಗೆ ಹೋಗಿದ್ದರೆ ಕಾಲೇಜು ಬಿಡಿಸುವುದಷ್ಟೇ ಅಲ್ಲ, ಮರುವಾರವೇ ವರ ಹುಡುಕಲು ಹೊರಡುತ್ತಿದ್ದರು.

ಆಗ ನೆನಪಾದದ್ದು ಅಪ್ಪನ ತಮ್ಮನ ಹಾಲಿನ ಸೈಕಲ್. ಮುಳ್ಳಿನ ಕಾಟಕ್ಕೆ ರೋಸಿ ಅವನು ಹಿಂದಿನ ಗಾಲಿಗೆ ಟ್ಯೂಬನ್ನೇ ಹಾಕುತ್ತಿರಲಿಲ್ಲ. ಹಳೆಯ ಧೋತರ ಹೊಸೆದು ಟಯರಿನೊಳಗೆ ತುರುಕಿದ್ದ. ಸೈಕಲ್ಲೇ ಧೋತರ ಉಟ್ಟಿದೆ ಎಂದು ನಾವೆಲ್ಲ ನಗುತ್ತಿದ್ದೆವು.

ಊಟದ ಡಬ್ಬಿಯ ಚಮಚದ ಹಿಡಿಕೆ ಹಾಕಿ ಟಯರಿನ ಒಂದು ಅಂಚು ಎಬ್ಬಿಸಿದೆ. ಚಮಚ ಬಾಗಿತು, ಉಗುರು ಸೀಳಿತು. ಹರಿದ ಟ್ಯೂಬ್ ಹೊರಗೆಳೆದು, ಬದುವಿನ ಒಣಹುಲ್ಲು ಕಿತ್ತು ಒಳಗೆ ತುಂಬಿ, ಅಂಚನ್ನು ಮತ್ತೆ ಒತ್ತಿ ಕೂಡಿಸಿ ಹತ್ತಿದೆ. ಸ್ವಲ್ಪ ದೂರಕ್ಕೇ ಹುಲ್ಲು ಪುಡಿಯಾಯಿತು, ಟಯರು ಜಾರಿ ರಿಮ್ಮಿನಿಂದ ಹೊರಬಂತು, ನಾನು ರಸ್ತೆಯ ಮೇಲೆ ಬಿದ್ದೆ. ಮೊಣಕಾಲಿಗಿಂತ ಮೊದಲು ನೋಡಿದ್ದು ಸೂರ್ಯನನ್ನು. ಅವನು ಹೊಲದ ಅಂಚಿಗೆ ಬಂದು ನಿಂತಿದ್ದ. ನನಗೆ ಅಳು ಬಂತು.

ಬಟ್ಟೆಯೇ ಬೇಕು. ಮೈಮೇಲಿದ್ದದ್ದರಲ್ಲಿ ತೆಗೆಯಬಹುದಾದದ್ದು ಚೂಡಿದಾರದ ಮೇಲೆ ಹೊದ್ದ ಓಢಣಿ ಒಂದೇ. ಅದಿಲ್ಲದೆ ನಾನು ಅಂಗಳಕ್ಕೂ ಬಂದವಳಲ್ಲ. ತೆಗೆಯುವ ಮೊದಲು ರಸ್ತೆಯ ಎರಡೂ ಕಡೆ ನೋಡಿದೆ, ಸುಳ್ಳು ಯಾಕೆ ಹೇಳಲಿ. ಹಗ್ಗದ ಹಾಗೆ ಹೊಸೆದು ಗಾಲಿಯ ಸುತ್ತ ತುರುಕಿ, ಉಳಿದ ಸಂದಿಗೆ ಮತ್ತಷ್ಟು ಹುಲ್ಲು ತುಂಬಿದೆ. ಪುಸ್ತಕದ ಚೀಲವನ್ನು ಎದೆಯ ಮೇಲೆ ತಿರುಗಿಸಿ ಹಾಕಿಕೊಂಡು ಹತ್ತಿದೆ. ಸೈಕಲ್ ಕುಂಟುತ್ತಾ, ಒಂದೊಂದು ಕಲ್ಲಿನ ಏಟನ್ನೂ ನನ್ನ ಹಲ್ಲಿಗೆ ಮುಟ್ಟಿಸುತ್ತಾ ಓಡಿತು.

ಅಂಗಳಕ್ಕೆ ಬಂದಾಗ ಒಳಗೆ ಇನ್ನೂ ದೀಪ ಹಚ್ಚಿರಲಿಲ್ಲ. ಗೆದ್ದೆ ಅಂದುಕೊಂಡೆ. ಆದರೆ ಕಟ್ಟೆಯ ಮೇಲೆ ಅಜ್ಜನ ಜೊತೆ ಊರಿನ ಹಿರಿಯರು ಕೂತಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು.

"ಓಢಣಿ ಎಲ್ಲ್ಯದ?" ಅಜ್ಜ ಕೇಳಿದರು.

"ಟಯರಿನ್ಯಾಗ ಅದ ರೀ ಅಜ್ಜಾ. ಟ್ಯೂಬ್ ಹೋಗಿತ್ತು..."

ಯಾರೋ ಕಿಸಕ್ಕನೆ ನಕ್ಕರು. ಅಜ್ಜನ ಮುಖ ಕೆಂಪಾಯಿತು. "ನಾಕ್ ಮಂದ್ಯಾಗ ಮರ್ಯಾದಿ ಕಳದು ಕಲಿಯೂದೇನದ? ಸೈಕಲ್ ಒಳಗ ಹಚ್ಚು. ನಾಳಿಂದ ಕಾಲೇಜ ಬಂದ್."

ಬಗ್ಗಿ ಟಯರಿನ ಅಂಚು ಎಬ್ಬಿಸಲು ಹೋದೆ, ತೋರಿಸೋಣವೆಂದು. ಸೀಳಿದ ಉಗುರಿಗೆ ಅಂಚು ಏಳಲಿಲ್ಲ. ಅಪ್ಪ ದನದ ಕೊಟ್ಟಿಗೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಮಾವಾರ."

ಬಾಗಿಲ ಹಿಂದಿನಿಂದ ಬಂದ ದನಿ ಯಾರದೆಂದು ನನಗೆ ಕೂಡಲೇ ತಿಳಿಯಲಿಲ್ಲ. ನಮ್ಮಲ್ಲಿ ಸೊಸೆಯಾದವಳು ಮಾವನ ಎದುರು ಬಾಯಿ ಬಿಡುವುದಿಲ್ಲ. ಏನೇ ಇದ್ದರೂ ಅತ್ತೆಯ ಕಿವಿಗೆ ಹೇಳಿ ಅವಳ ಬಾಯಿಂದ ಮುಟ್ಟಿಸಬೇಕು. ಅವ್ವ ತಲೆ ತುಂಬ ಸೆರಗು ಹೊದ್ದು ಹೊಸ್ತಿಲ ಮೇಲೆ ಬಂದು ನಿಂತಿದ್ದಳು, ಅಷ್ಟು ಗಂಡಸರ ಎದುರಿಗೆ.

"ಆಕಿ ಹೊತ್ತಿಗೆ ಸರಿಯಾಗಿ ಮನಿಗಿ ಬಂದಾಳ್ರಿ, ಮಾವಾರ. ನಿಮ್ಮ ಮಾತು ಅಷ್ಟೇ ಇತ್ತು. ಓಢಣಿ ಮಾತು ನೀವು ಹೇಳಿದ್ದಿಲ್ರಿ."

ಅಜ್ಜ ಅವ್ವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಸುತ್ತ ಕೂತ ಹಿರಿಯರ ಕಡೆ ಒಮ್ಮೆ ನೋಡಿದರು. ಆಮೇಲೆ ಅಪ್ಪನಿಗೆ, "ಮುಂಜಾನೆ ಹೊಸಾ ಟ್ಯೂಬ್ ಹಾಕಿಸಿ ಕೊಡು," ಎಂದು ಟವೆಲ್ ಝಾಡಿಸಿ ಎದ್ದರು.

ಒಳಗೆ ಹೋದರೆ ಅವ್ವ ಒಲೆಯ ಮುಂದೆ ಕೂತಿದ್ದಳು. ತಟ್ಟುತ್ತಿದ್ದ ರೊಟ್ಟಿ ಮತ್ತೆ ಮತ್ತೆ ಹರಿಯುತ್ತಿತ್ತು. ಅಪ್ಪಿಕೊಳ್ಳಲು ಹೋದರೆ ಕೈಯಿಂದ ದೂಡಿ, "ಇನ್ನೊಮ್ಮೆ ಹಿಂಗ ಬಂದ್ರ ಕಾಲ್ ಮುರೀತೀನಿ," ಎಂದಳು. ಕಣ್ಣು ತುಂಬಿದ್ದವು, ಹೊಗೆಗೆ ಅಂದಳು.

ಅಜ್ಜ ಆಮೇಲೆ ಬಹಳ ವರ್ಷ ಬದುಕಿದ್ದರು. ಅವರಿರುವ ತನಕ ಅವ್ವ ಅವರ ಎದುರು ಮತ್ತೆ ಮಾತಾಡಲಿಲ್ಲ. ಹೇಳಿಕೊಳ್ಳಲು ಅವಳಿಗೂ ನೋವುಗಳಿದ್ದವು. ತನಗಾಗಿ ಒಂದು ಸಲವೂ ಹೊಸ್ತಿಲಿಗೆ ಬರಲಿಲ್ಲ.