ಕೈ ಹಿಂದೆ ಕಟ್ಟಿ ನಿಲ್ಲುವ ಕೆಲಸ

ಲಕ್ವ ಹೊಡೆದು ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಗಂಡ ಗ್ಯಾಸ್ ಒಲೆಯ ನಾಬ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅವಳನ್ನು ಒಂದು ಮಾತು ಕೇಳಲಿಲ್ಲ.

ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಆ ಮನೆಯ ಬಾಗಿಲು ತಟ್ಟುತ್ತಿರುವಾಕೆ, ಅವಳನ್ನು ಮನೆಮನೆಗೆ ಕಳಿಸುವ ಕಚೇರಿಯ ಬಾಯಲ್ಲಿ ಬರೀ ‘ಸಹಾಯಕಿ’. ಅವಳು ಹೋದ ಮನೆಗಳಲ್ಲಿ ಕೈಕಟ್ಟಮ್ಮ. ಆಸ್ಪತ್ರೆಯಿಂದ ಬಂದವರು ಮತ್ತೆ ತಾವೇ ಮೀಯುವಂತೆ, ಉಡುವಂತೆ, ಉಣ್ಣುವಂತೆ ಮಾಡಿ ಆರು ವಾರದಲ್ಲಿ ಹೊರಬೀಳುವುದು ಅವಳ ಕೆಲಸ. ದಿನಕ್ಕೆ ನಾಲ್ಕು ಮನೆ, ಎಲ್ಲಕ್ಕೂ ಮೆಟ್ಟಿಲು. ಬಿದ್ದರೆ ಹಿಡಿಯುವಷ್ಟು ಹತ್ತಿರ, ಕೈ ಮಾತ್ರ ಬೆನ್ನ ಹಿಂದೆ. ಹೆಸರು ಬಂದದ್ದೇ ಹಾಗೆ.

“ಬಟನ್ ಹಾಕೋಕೆ ಒದ್ದಾಡ್ತಿರ್ತಾರಲ್ಲ, ಆಗ ನನ್ನ ಬೆರಳು ತುರಿಸ್ತವೆ. ನಾನು ಹಾಕಿದ್ರೆ ಕ್ಷಣದ ಕೆಲಸ. ನಾಳೆ ಯಾರು ಹಾಕ್ತಾರೆ?” ಎನ್ನುತ್ತಾಳೆ.

ಈ ಮನೆಯಾಕೆ ಬೀದಿಗೆಲ್ಲ ಟೈಲರಕ್ಕ. ಬಲಗೈಗೆ ಅರ್ಧ ಜೀವ ಬಂದಿದೆ. ಅವಳು ಒಲೆಯ ಮುಂದೆಯೇ ಕುಸಿದದ್ದು ಗಂಡನ ಕಣ್ಣಿಗೆ ಕಟ್ಟಿದೆ. ಬಸ್ ಡ್ರೈವರ್ ಆದ ಅವನು ಈಗ ತಾನೇ ಬೇಯಿಸಿಟ್ಟು, ಫ್ಲಾಸ್ಕಿಗೆ ಚಹಾ ತುಂಬಿಸಿ ಡ್ಯೂಟಿಗೆ ಹೋಗುತ್ತಾನೆ.

“ಟೀನಾ ಅದು? ರೇಡಿಯೇಟರ್ ನೀರು!” ಟೈಲರಕ್ಕನ ನಗು ಬಾಯಿಯ ಒಂದೇ ಬದಿಗೆ ಬರುತ್ತದೆ. ಆಮೇಲೆ ದನಿ ಇಳಿಯುತ್ತದೆ. “ಯಾರೂ ಏಳೋ ಮುಂಚೆ ಒಲೆ ಮುಂದೆ ಒಬ್ಳೇ ನಿಂತ್ಕೊಂಡು, ಬಿಸಿ ಲೋಟನ ಎರಡೂ ಕೈಲಿ ಹಿಡ್ಕೋತಿದ್ದೆ ಕಣೇ. ಆ ಹೊತ್ತು ನಂದಾಗಿತ್ತು. ಅದೊಂದು ವಾಪಸ್ ಬೇಕು.”

ಇಂಥ ಹಂಬಲಕ್ಕೆ ಯಾವ ಕಚೇರಿಯಲ್ಲೂ ಜಾಗವಿಲ್ಲ. ಹಾಸಿಗೆ ಖಾಲಿಯಾದರೆ ಆಸ್ಪತ್ರೆಗೆ ಸಾಕು, ಗಡುವು ಮುಗಿದರೆ ಕಚೇರಿಗೆ ಸಾಕು. ಮನುಷ್ಯರನ್ನು ಮಂಚಕ್ಕೆ ಅಂಟಿಸಿಡುವುದನ್ನೇ ಆರೈಕೆ ಎನ್ನುವ ಲೋಕವಿದು. ಎಬ್ಬಿಸಿ ನಿಲ್ಲಿಸುವವಳ ಮೇಲೆ ಮಾತ್ರ ‘ಸುಮ್ನೆ ನಿಂತಿರ್ತಾಳೆ’ ಎಂಬ ದೂರು. ಆರು ವಾರ ಮುಗಿದ ಮೇಲೆ ಆ ಮನೆಯ ಹೊಸ್ತಿಲು ತುಳಿಯಕೂಡದೆಂಬ ನಿಯಮ ಬೇರೆ.

“ಆ ಬೀದೀಲಿ ಹೋಗುವಾಗ ತಲೆ ಎತ್ತಿ ಕಿಟಕಿ ನೋಡ್ತೀನಿ,” ಎನ್ನುತ್ತಾಳೆ ಕೈಕಟ್ಟಮ್ಮ. “ದೀಪ ಇದ್ರೆ, ಎದ್ದಿದ್ದಾರೆ ಅಂದ್ಕೋತೀನಿ. ಎಷ್ಟು ಮನೇಲಿ ಒಲೆ ಹಚ್ಚಿಸಿದೀನಿ! ಅವರು ಕೈಯಾರೆ ಮಾಡಿದ ಒಂದ್ ಲೋಟ ಟೀ ಕುಡಿದಿಲ್ಲ. ಅಷ್ಟೊತ್ತಿಗೆ ನನ್ನ ಗಡುವು ಮುಗಿದಿರುತ್ತೆ.”

ಇವತ್ತು ಇಲ್ಲಿ ಕೊನೆಯ ದಿನ. ವಾರವಿಡೀ ಟೈಲರಕ್ಕನ ಗಂಡನ ಬೆನ್ನು ಬಿದ್ದು ಕೈಕಟ್ಟಮ್ಮ ಒಂದೇ ಒಂದು ನಾಬ್ ಗಿಟ್ಟಿಸಿದ್ದಾಳೆ. ಅವನು ಡ್ಯೂಟಿಗೆ ರಜೆ ಹಾಕಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಾನೆ.

ಟೈಲರಕ್ಕನ ಎಡಗೈಯಲ್ಲಿ ಲೈಟರ್, ಬಲಗೈಯಲ್ಲಿ ನಾಬ್. ಉರಿ ಹತ್ತುತ್ತದೆ. ಚಹಾ ಕುದಿದು ಮೇಲೇಳುತ್ತದೆ; ಒಲೆ ಆರಿಸುತ್ತಾಳೆ. ಎರಡು ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಪಾತ್ರೆ ನಡುಗಿ ಕಟ್ಟೆಯ ಮೇಲೆಲ್ಲ ಚೆಲ್ಲುತ್ತದೆ.

“ಸಾಕು ಬಿಡೇ, ಸುಟ್ಕೋತೀಯ!” ಗಂಡ ಕೈಕಟ್ಟಮ್ಮನತ್ತ ತಿರುಗುತ್ತಾನೆ. “ನೋಡ್ತಾ ನಿಂತಿದ್ದೀರಲ್ರೀ, ಹಿಡ್ಕೊಳ್ರೀ ಅವಳ ಕೈನ!”

ಟೈಲರಕ್ಕ ತುಟಿ ಕಚ್ಚಿ ಮೂರನೇ ಲೋಟವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಅದು ಯಾರಿಗೆಂದು ಕೈಕಟ್ಟಮ್ಮನಿಗೆ ಗೊತ್ತು. ಬೆನ್ನ ಹಿಂದೆ ಅವಳ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ.

“ಇಲ್ಲ ಅಣ್ಣ. ನಾನು ಹಿಡಿಯಲ್ಲ.”